ಉಸಿರು ತಾಗದ ಗೆರೆ

ಜೇವರ್ಗಿಯ ಸುಭದ್ರಾಬಾಯಿಯವರ ಮನೆಗೆ ಬರುವವರಲ್ಲಿ ಎರಡು ಬಗೆ. ಮಗಳಿಗೆ ಗಣಿತ ತಲೆಗೆ ಹತ್ತುತ್ತಿಲ್ಲ ಎಂದು ಬರುವವರು ಒಂದು ಬಗೆ. ನಡೆದದ್ದೇನು ಎಂಬುದು ತಮ್ಮ ತಲೆಗೇ ಹತ್ತುತ್ತಿಲ್ಲ ಎಂದು ಬರುವವರು ಇನ್ನೊಂದು. ಬಾಗಿಲಲ್ಲಿ ನಿಂತವರ ಮುಖ ನೋಡಿಯೇ ಯಾವ ಬಗೆಯೆಂದು ಲಾಡ್ಲೆಸಾಬ ಹೇಳಿಬಿಡುತ್ತಿದ್ದ. ಮೊದಲ ಬಗೆಯವರಿಗೆ ಚಾಪೆ ಹಾಸುತ್ತಿದ್ದ, ಎರಡನೆಯ ಬಗೆಯವರಿಗೆ ಮೊದಲು ನೀರು ಕೊಡುತ್ತಿದ್ದ.

ಸುಭದ್ರಾಬಾಯಿ ಆಳಂದದ ಹೆಣ್ಣುಮಗಳು. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ, ಅಲ್ಲಿಯೇ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾಗಿದ್ದರು. ಅದೇ ಶಾಲೆಯಲ್ಲಿ ಅಷ್ಟೇ ವರ್ಷ ಗಂಟೆ ಬಾರಿಸಿದವನು ಲಾಡ್ಲೆಸಾಬ. ಇಬ್ಬರೂ ಒಂದೇ ವರ್ಷ ಕೆಲಸ ಮುಗಿಸಿ ಮನೆ ಸೇರಿದ್ದರು. ದಿನಾ ಮುಂಜಾನೆ ಪೇಪರು ತಂದುಕೊಟ್ಟು, ಚಹಾ ಕುಡಿದು, ಊರ ಮೇಲಿನ ಸುದ್ದಿ ಹೇಳದಿದ್ದರೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಯಾರ ಮೇಲಾದರೂ ಗುಮಾನಿ ಪಡುವುದರಲ್ಲಿ ಅವನು ಯಾವಾಗಲೂ ಬಾಯಿಯವರಿಗಿಂತ ಮುಂದು; ಅದು ತಪ್ಪಾಗುವುದರಲ್ಲೂ ಮುಂದು.

1980ರ ಫೆಬ್ರುವರಿಯ ಆ ಸೋಮವಾರ, ಸೂರ್ಯಗ್ರಹಣ ಕಳೆದು ಎರಡು ದಿನವಾಗಿತ್ತು. ಕೊಳಕೂರಿನ ಹಣಮವ್ವ ಬಾಗಿಲಿಗೆ ಬಂದು ನಿಂತಳು. ಹಿಂದೆ ಶಾಲೆಯ ಮುಂದೆ ಮಜ್ಜಿಗೆ ಮಾರುತ್ತಿದ್ದವಳು. ಲಾಡ್ಲೆಸಾಬ ಚೆರಿಗೆಯಲ್ಲಿ ನೀರು ತಂದುಕೊಟ್ಟ.

"ಅಕ್ಕೋರ, ಪ್ರೊಫೆಸರ್ ಸಾಹೇಬ್ರ ಕಡೆ ಅಡವ್ಯಾಗ ಕಾವಲಿಗಿರೋ ನನ್ನ ಮಗನ್ನ ಹಿಡ್ಕೊಂಡು ಹೋಗ್ಯಾರ್ರಿ," ಎಂದಳು ಹಣಮವ್ವ. "ಅಡವ್ಯಾಗಿನ ಗಂಧದ ಗಿಡ ಕಡದಾನಂತ. ಅಮೋಘಸಿದ್ದ ಅಂಥಾವಲ್ರಿ. ಸೊಸಿಗಿ ಏಳು ತಿಂಗಳು. ಅಕಿ ಎರಡು ದಿನದಿಂದ ರೊಟ್ಟಿ ಮುಟ್ಟಿಲ್ಲ."

"ಗಿಡ ಯಾವಾಗ ಕಡದಾರ?"

"ಗ್ರಹಣದ ಹೊತ್ತಿನ್ಯಾಗಂತ್ರಿ. ಶನಿವಾರ ಗ್ರಹಣ ಹಿಡಿಯೋಕಿಂತ ಮೊದಲ ಗಿಡ ಇತ್ತು, ಬಿಟ್ಟ ಮ್ಯಾಲ ಸಂಜಿಗಿ ಫಾರೆಸ್ಟ್ ಗಾರ್ಡ್ ಬಂದು ನೋಡಿದ್ರ ಬರೇ ಬುಡ ಅದ. ಬಾಜೂಕ ನಮ್ಮ ಕೊಡ್ಲಿ ಬಿದ್ದಿತ್ತಂತ. ನನ್ನ ಮಗ ಗ್ರಹಣದಾಗ ಮನ್ಯಾಗೇ ಇದ್ದಾನ್ರಿ. ಬಸರಿ ಹೆಂಡ್ತಿನ ಬಿಟ್ಟು ಹೊಸ್ತಿಲ ದಾಟಿಲ್ಲ. ಹಾಲಿನ್ಯಾಗ ಗರಿಕಿ ಹಾಕಿದ, ಹಂಡೆ, ಕೊಡ, ತಂಬಗಿ, ಎಲ್ಲಾ ನೀರು ಚೆಲ್ಲಿ ಬೋರಲ ಹಾಕಿದ. ಗ್ರಹಣ ಹಿಡದ ನೀರು ಒಂದು ಹನಿ ಇರಬಾರದು ಅಂತಾನವ. ಆದ್ರ ಮನಿ ಮಂದಿ ಮಾತು ಸಾಕ್ಷಿ ಆಗಾಂಗಿಲ್ಲ ಅಂತಾರ ಫೌಜದಾರ್ರು."

ಗಂಧದ ಮರ ಸರ್ಕಾರದ ಸೊತ್ತು. ಅದನ್ನು ಕಾಯುವವನೇ ಕಡಿದನೆಂದಾದರೆ ಜೈಲು ತಪ್ಪಿದ್ದಲ್ಲ, ಹೊರಬಂದ ಮೇಲೆ ಕೆಲಸವೂ ಇಲ್ಲ. ಸುಭದ್ರಾಬಾಯಿ ಬಾಯಿಗೊಂದು ಲವಂಗ ಹಾಕಿಕೊಂಡು ಎದ್ದರು. ಅಂದರೆ ಹೊರಟರು ಎಂದೇ ಅರ್ಥ. ಲಾಡ್ಲೆಸಾಬ ಚಹಾದ ಆಸೆ ಬಿಟ್ಟು ಕೊಡೆ ಹುಡುಕಿದ.

ಕೊಳಕೂರಿನಿಂದ ಅರ್ಧ ತಾಸು ನಡೆದರೆ ಆ ಅಡವಿ. ಬೇವು, ಕಮರ, ಬಾರಿ, ನಡುನಡುವೆ ಕೆಲವು ಗಂಧದ ಮರಗಳು. ಒಂದೊಂದು ಮರಕ್ಕೂ ನಂಬರು ಹೊಡೆದ ತಗಡು ಕಟ್ಟಿತ್ತು. ಮಧ್ಯದಲ್ಲಿ ಮರಗಳ ತಲೆಗಿಂತ ಎತ್ತರವಾದ ಕಬ್ಬಿಣದ ಟಾವರು, ಅದರಿಂದ ಸ್ವಲ್ಪ ದೂರದಲ್ಲಿ ತಗಡಿನ ಷೆಡ್ಡು. ಷೆಡ್ಡಿನ ಮುಂದೆ ಕಡಗಂಚಿ ಕಡೆಯ ಪ್ರೊಫೆಸರ್ ಗುರಣ್ಣ ಕುಳಿತಿದ್ದರು. ಅವರ ಸಹಾಯಕ ದೌಲತರಾಯ, ಅಫಜಲಪುರದ ಎಂ.ಎಸ್ಸಿ. ಪದವೀಧರ, ಕಟ್ಟಿಗೆಯ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಕೆಲವು ಯಂತ್ರಗಳನ್ನು ಮರುದಿನ ಅವನೇ ಜೀಪಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಯ್ಯುವವನಿದ್ದ.

"ಇಲ್ಲಿ ನೀವು ಏನು ಅಳೀತೀರಿ?" ಎಂದು ಸುಭದ್ರಾಬಾಯಿ ಕೇಳಿದರು. ಕಳ್ಳತನದ ಮಾತು ಬಿಟ್ಟು ಇದನ್ನು ಕೇಳಿದ್ದು ಪ್ರೊಫೆಸರರಿಗೆ ಸೇರಿತು.

"ಬಿಸಿಲಿನ ಕಾವು ಅಡವಿ ಮ್ಯಾಲ ಬೀಳ್ತದಲ್ರಿ, ಅದ್ರಾಗ ಒಂದು ಪಾಲು ನೆಲ ಕಾಯಿಸ್ತದ, ಒಂದು ಪಾಲು ಗಾಳಿ ಕಾಯಿಸ್ತದ, ಇನ್ನೊಂದು ಪಾಲು ಎಲಿಯೊಳಗಿನ ನೀರನ್ನ ಆವಿ ಮಾಡ್ತದ. ಯಾವುದಕ್ಕ ಎಷ್ಟು ಅಂತ ತಿಳಕೊಳ್ಳೋದು ಒಂದು ಕೆಲಸ. ಇನ್ನೊಂದು, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್. ಎಲಿಗಳು ಬಿಸಿಲಿದ್ದಾಗ ಅದನ್ನ ಎಳಕೋತಾವ, ಕತ್ತಲಾದ್ರ ಬಿಡ್ತಾವ. ಹಾಡಹಗಲೇ ಸೂರ್ಯ ಮುಚ್ಚಿದ್ರ ಅಡವಿ ಏನು ಮಾಡ್ತದ? ಅದನ್ನ ನೋಡಾಕ ಮೂರು ವರ್ಷ ಕಾದೀನ್ರಿ. ಶನಿವಾರ ಮೂರೂ ಮುಕ್ಕಾಲಿಗೆ ಸೂರ್ಯ ಉಗುರಿನಷ್ಟು ಉಳಿದಿದ್ದ."

"ಅವತ್ತು ಟಾವರ್ ಮ್ಯಾಲ ಯಾರಿದ್ರು?"

"ದೌಲತರಾಯ. ನಾನು ಜ್ವಾಳದ ಹೊಲದಾಗ ಇನ್ನೊಂದು ಜೋಡಿ ಯಂತ್ರ ಇಟ್ಕೊಂಡು ಕೂತಿದ್ದೆ, ಅಡವಿಗೂ ಬಯಲಿಗೂ ಹೋಲಿಸಿ ನೋಡಾಕ. ಆರಕ್ಕ ಹೊಳ್ಳಿ ಬಂದೆ. ಗಂಟಲು ಒಣಗಿತ್ತು, ಇಲ್ಲಿ ಕೊಡದಾಗ ಕುಡ್ಯಾಕ ಹನಿ ನೀರಿರಲಿಲ್ಲ. ಅಮೋಘಸಿದ್ದ ಆಮ್ಯಾಲ ತಂದುಕೊಟ್ಟ."

ಬಿಸಿಲು ಮತ್ತು ಗಾಳಿಯ ಅನಿಲವನ್ನು ಅಳೆಯುವ ಯಂತ್ರಗಳು ಷೆಡ್ಡಿನೊಳಗಿನ ಕಾಗದದ ಸುರುಳಿಯ ಮೇಲೆ ತಾವೇ ಗೆರೆ ಎಳೆಯುತ್ತಿದ್ದವು. ಉಷ್ಣಮಾಪಕಗಳನ್ನು ಮಾತ್ರ ಮನುಷ್ಯನೇ ಟಾವರು ಹತ್ತಿ ಓದಬೇಕಿತ್ತು. ಅವು ಜೋಡಿ ಜೋಡಿ. ಒಂದರ ಪಾದರಸದ ಬುಡ್ಡಿ ಒಣಗಿದ್ದು. ಇನ್ನೊಂದರ ಬುಡ್ಡಿಗೆ ಮಲಮಲ್ ಬಟ್ಟೆ ಸುತ್ತಿ, ಅದರ ತುದಿಯನ್ನು ಕೆಳಗಿನ ನೀರಿನ ಬಟ್ಟಲಲ್ಲಿ ಇಳಿಬಿಟ್ಟಿದ್ದರು. ಒದ್ದೆ ಬಟ್ಟೆ ಆರುತ್ತ ತಂಪಾಗುವುದರಿಂದ ಆ ಬುಡ್ಡಿ ಕಡಿಮೆ ತೋರಿಸುತ್ತದೆ. ಎರಡರ ನಡುವಿನ ಅಂತರದಿಂದ ಗಾಳಿಯಲ್ಲಿ ಎಷ್ಟು ನೀರಾವಿಯಿದೆಯೆಂದು ತಿಳಿಯುತ್ತದೆ. ದಿನಾ ಮುಂಜಾನೆ ಆ ಬಟ್ಟಲುಗಳನ್ನು ತುಂಬುವುದು ಅಮೋಘಸಿದ್ದನ ಕೆಲಸ. ಅದನ್ನು ಬಿಟ್ಟು ಬೇರೇನು ಮುಟ್ಟಿದರೂ ಕೆಲಸದಿಂದ ತೆಗೆಯುತ್ತೇನೆ ಎಂದು ಪ್ರೊಫೆಸರರು ಹೇಳಿಟ್ಟಿದ್ದರು.

ದೌಲತರಾಯ ಶನಿವಾರದ ವಹಿ ತೋರಿಸಿದ. ಮಧ್ಯಾಹ್ನ ಎರಡರಿಂದ ಐದರವರೆಗೆ ಐದೈದು ನಿಮಿಷಕ್ಕೊಮ್ಮೆ ಓದಿ ಬರೆದ ಅಂಕಿಗಳು. ಬರವಣಿಗೆ ದುಂಡಗಿತ್ತು. ಒಣ ಬುಡ್ಡಿ ಮೂವತ್ತೆರಡರಿಂದ ಇಪ್ಪತ್ತೇಳಕ್ಕೆ ಇಳಿದು ಮತ್ತೆ ಏರಿತ್ತು. ಒದ್ದೆ ಬುಡ್ಡಿ ಅದಕ್ಕಿಂತ ಎಂಟು ಒಂಬತ್ತು ಡಿಗ್ರಿ ಕಡಿಮೆ ನಡೆದುಕೊಂಡು ಬಂದಿತ್ತು.

"ಲಾಡ್ಲೆಸಾಬ, ಮ್ಯಾಲ ಹೋಗಿ ಆ ಕಾಚಿನ ಕೊಳವಿ ಏನು ತೋರಿಸ್ತದ ನೋಡಿ ಬರ್ರಿ," ಎಂದರು ಸುಭದ್ರಾಬಾಯಿ.

"ನಾನ್ರಿ? ಈ ವಯಸ್ಸಿನ್ಯಾಗ?"

"ನಾ ಹತ್ತಲೇನು ಮತ್ತ?"

ಲಾಡ್ಲೆಸಾಬ ಅಲ್ಲಾನನ್ನು ನೆನೆಯುತ್ತ ಏಣಿ ಹತ್ತಿದ. ಮೇಲಿನ ಹಲಗೆಯ ಮೇಲೆ ನಿಂತು, ಏದುಸಿರು ಬಿಡುತ್ತ, ಕಣ್ಣು ಕಿರಿದು ಮಾಡಿ ಅಂಕಿ ಓದಿ ಕೂಗಿದ. ಇಳಿದು ಬಂದಾಗ ಷೆಡ್ಡಿನಲ್ಲಿ ಪ್ರೊಫೆಸರರು ನಗುತ್ತಿದ್ದರು. ಅನಿಲದ ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಜಿಗಿದಿತ್ತು.

"ಇದು ನಿಮ್ಮ ಉಸಿರು ನೋಡ್ರಿ. ಗಾಳಿ ಎಳಕೊಳ್ಳೋ ನಳಿಗಿ ಬಾಯಿ ಥರ್ಮಾಮೀಟರ್ ಮಗ್ಗಲಕ್ಕೇ ಅದ. ಯಾರು ಓದಾಕ ಹೋದ್ರೂ ಹಿಂಗ ಗೀಚ್ತದ. ಅದಕ್ಕ ಮುಖಕ್ಕ ಬಟ್ಟಿ ಕಟ್ಕೊಂಡು ಓದ್ರಿ ಅಂತ ಹುಡುಗರಿಗಿ ಬಡಕೋತೀನಿ, ಕೇಳಾಂಗಿಲ್ಲ."

ಸುಭದ್ರಾಬಾಯಿ ಶನಿವಾರದ ಸುರುಳಿಯನ್ನು ಕೇಳಿ ಪಡೆದು ಬಹಳ ಹೊತ್ತು ನೋಡಿದರು. ಅದರ ಹಿಂದಿನ ದಿನದ್ದನ್ನೂ ನೋಡಿದರು. ಲಾಡ್ಲೆಸಾಬನಿಗೆ ಮೊಣಕಾಲು ನೋಯುತ್ತಿತ್ತು, ಜೊತೆಗೆ ಸಿಟ್ಟೂ ಬಂದಿತ್ತು. ಕಳ್ಳನನ್ನು ಹುಡುಕುವುದು ಬಿಟ್ಟು ಮುದುಕನ ಉಸಿರನ್ನು ಕಾಗದದ ಮೇಲೆ ಬರೆಸಿ ಏನು ಮಾಡುವುದು?

ಮರದ ಬುಡ ನೋಡಲು ಹೋದಾಗ ಅವನ ಸಿಟ್ಟು ಇಳಿಯಿತು. ನಲವತ್ತೊಂದನೇ ನಂಬರಿನ ಮರ, ತೊಡೆಯಷ್ಟು ದಪ್ಪ. ಬುಡದ ಕೊಯ್ತ ಕೈಯಾಡಿಸಿದರೆ ನುಣ್ಣಗಿತ್ತು.

"ಕೊಡ್ಲಿಯಿಂದ ಕಡದ್ರ ಹಿಂಗ ಆಗ್ತದೇನು?" ಎಂದರು ಬಾಯಿಯವರು.

"ಇಲ್ರಿ. ಇದು ಗರಗಸ. ಕೊಡ್ಲಿ ಯಾರೋ ತಂದು ಒಗದಾರ."

ಹೊಳ್ಳಿ ಬರುವಾಗ ಪೆಟ್ಟಿಗೆಗಳ ಹತ್ತಿರ ಲಾಡ್ಲೆಸಾಬ ಮೂಗು ಮುಚ್ಚಿಕೊಂಡ. ಒಂದು ಪೆಟ್ಟಿಗೆ ಮಾತ್ರ ಚಿಮಣಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. "ಗೆದ್ದಲ ಹತ್ತಬಾರದು ಅಂತ ಹುಲ್ಲಿಗಿ ಸ್ವಲ್ಪ ಹಾಕೀನ್ರಿ," ಎಂದ ದೌಲತರಾಯ. ವಿನಯದ ಹುಡುಗ, ಇಬ್ಬರಿಗೂ ಚಹಾ ಮಾಡಿಕೊಟ್ಟ. ಲಾಡ್ಲೆಸಾಬನಿಗೆ ಅವನ ಮೇಲೆ ಅಕ್ಕರೆಯೇ ಬಂತು.

ಅವನ ಗುಮಾನಿ ಆಗಲೇ ಬೇರೆ ಕಡೆ ಹೋಗಿತ್ತು. ಅಡವಿಗೆ ಹತ್ತಿದ ಹೊಲ ಜಗದೇವಪ್ಪನದು. ಬಸವಣ್ಣನವರಿಗೆ ನಡೆದುಕೊಳ್ಳುವ ಮನೆತನ, ಗ್ರಹಣ ಸೂತಕ ಒಂದನ್ನೂ ಪಾಲಿಸುವವರಲ್ಲ. ದನ ಬಿಟ್ಟ ವಿಷಯಕ್ಕೆ ಅಮೋಘಸಿದ್ದನಿಗೂ ಅವನಿಗೂ ಹೋದ ವರ್ಷ ಜಗಳವಾಗಿತ್ತು. ಊರೆಲ್ಲ ಕದ ಹಾಕಿಕೊಂಡು ಕುಳಿತ ಹೊತ್ತಿನಲ್ಲಿ ಊರವರಲ್ಲಿ ಹೊರಗಿದ್ದವನು ಅವನೊಬ್ಬನೇ. ಲಾಡ್ಲೆಸಾಬನ ಪ್ರಕಾರ ಇನ್ನು ಹುಡುಕುವುದೇನೂ ಉಳಿದಿರಲಿಲ್ಲ.

ಸುಭದ್ರಾಬಾಯಿ ಜಗದೇವಪ್ಪನ ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತು ಕಾಲು ತಾಸು ಮಾತಾಡಿದರು. ಲಾಡ್ಲೆಸಾಬ ಮೊಣಕಾಲು ಹಿಡಿದುಕೊಂಡು ಬೇವಿನ ನೆರಳಲ್ಲೇ ಕೂತಿದ್ದರಿಂದ ಏನು ಮಾತಾಡಿದರೋ ಕೇಳಿಸಲಿಲ್ಲ. ಬರುವಾಗ ಅವರು, "ನಾಳೆ ಒಂಬತ್ತಕ್ಕ ಎಲ್ಲಾರೂ ಟಾವರ್ ಬುಡಕ ಸೇರೋಣು. ಫೌಜದಾರ್ರಿಗೂ ಹೇಳಿ ಕಳಸ್ತೇನಿ," ಎಂದರಷ್ಟೇ.

ಮಂಗಳವಾರ ಒಂಬತ್ತಕ್ಕೆ ಎಲ್ಲರೂ ಸೇರಿದ್ದರು. ಫೌಜದಾರ ಅಬ್ದುಲ್ ಗನಿ ಅಮೋಘಸಿದ್ದನನ್ನು ಕರೆತಂದಿದ್ದರು. ಗಟ್ಟಿಮುಟ್ಟಾದ ಆಳು, ತಲೆ ಮಾತ್ರ ಎತ್ತಿರಲಿಲ್ಲ. ಹಣಮವ್ವ ಸೆರಗು ಬಾಯಿಗೆ ಹಿಡಿದು ದೂರ ನಿಂತಿದ್ದಳು. ಜಗದೇವಪ್ಪ ತಲೆಗೆ ಪಟಗಾ ಸುತ್ತಿಕೊಂಡು, ಬಂದದ್ದೇ ಉಪಕಾರ ಎನ್ನುವಂತೆ ಕುಳಿತಿದ್ದ.

"ಮೊದಲ ಆ ಎಣ್ಣಿ ವಾಸನಿ ಪೆಟಗಿ ತೆಗಸ್ರಿ," ಎಂದರು ಸುಭದ್ರಾಬಾಯಿ. "ನಾಜೂಕ ಯಂತ್ರದ ಮ್ಯಾಲ ಯಾರೂ ಚಿಮಣಿ ಎಣ್ಣಿ ಸುರಿಯಾಂಗಿಲ್ಲ. ಇನ್ನೊಂದು ವಾಸನಿ ಮುಚ್ಚಾಕ ಸುರೀತಾರ."

ಪ್ರೊಫೆಸರರೇ ಮೊಳೆ ಕಿತ್ತರು. ಮೇಲೆ ಹುಲ್ಲು, ಅದರ ಕೆಳಗೆ ಗೋಣಿತಟ್ಟು, ಗೋಣಿತಟ್ಟಿನಲ್ಲಿ ನಾಲ್ಕು ಗಂಧದ ತುಂಡು. ಎಣ್ಣೆಯನ್ನೂ ಮೀರಿ ಪರಿಮಳ ಹೊರಬಂತು. ಎಲ್ಲರೂ ದೌಲತರಾಯನ ಕಡೆ ತಿರುಗಿದರು. ಅವನು ಬಿಳಿಚಿಕೊಂಡರೂ ಮಾತು ತಪ್ಪಲಿಲ್ಲ.

"ಷೆಡ್ಡಿನ ಕೀಲಿ ಅಮೋಘಸಿದ್ದನ ಹತ್ರನೂ ಅದ ರೀ. ಅವನೇ ಕಡದು ನನ್ನ ಪೆಟಗ್ಯಾಗ ಅಡಗಿಸ್ಯಾನ, ದಾರ್ಯಾಗ ಯಾರೋ ಇಳಿಸಿಕೊಳ್ಳೋರು ಇರಬೇಕು. ನಾನಂತೂ ಎರಡರಿಂದ ಐದರ ತನಕ ಟಾವರ್ ಮ್ಯಾಲೇ ಇದ್ದೆ. ಐದು ನಿಮಿಷಕ್ಕೊಂದು ಅಂಕಿ ಬರದೀನಿ. ಅಂಕಿ ನೋಡ್ರಿ ಬೇಕಾದ್ರ."

ಫೌಜದಾರರು ಗಡ್ಡ ಕೆರೆದುಕೊಂಡರು. ಮಾತು ಸುಳ್ಳೆನ್ನುವಂತಿರಲಿಲ್ಲ. ಒಬ್ಬನೇ ಮನುಷ್ಯ ಐದು ನಿಮಿಷಕ್ಕೊಮ್ಮೆ ಟಾವರಿನ ಮೇಲಿದ್ದು, ನೂರು ಮಾರು ಆಚೆ ಮರವನ್ನೂ ಕೊಯ್ಯಲಾರ.

"ಅಂಕಿ ನೋಡೀನಿ," ಎಂದರು ಸುಭದ್ರಾಬಾಯಿ. ಶನಿವಾರದ ಸುರುಳಿಯನ್ನು ಹಲಗೆಯ ಮೇಲೆ ಬಿಡಿಸಿದರು. "ಸೂರ್ಯ ಮುಚ್ಚಿಕೋತ ಹೋದಾಂಗ ಅನಿಲದ ಗೆರಿ ಮ್ಯಾಲ ಏರೇದ, ಬಿಟ್ಟಾಂಗ ಇಳದದ. ಎಲಿಗಳು ತಮ್ಮ ಕೆಲಸ ನಿಲ್ಲಿಸಿ ಮತ್ತ ಸುರು ಮಾಡ್ಯಾವ. ಆದ್ರ ಗೆರಿ ಎಣ್ಣಿ ಧಾರಿ ಹಂಗ ಸಾಫ ಅದ. ನಿನ್ನಿ ನಮ್ಮ ಲಾಡ್ಲೆಸಾಬ ಒಂದು ಸಲ ಮ್ಯಾಲ ಹೋಗಿ ನಿಂತಿದ್ದಕ್ಕ ಎಷ್ಟು ಗೀಚಿತ್ತು? ನೀ ಮೂರು ತಾಸಿನ್ಯಾಗ ಮೂವತ್ತಕ್ಕಿಂತ ಹೆಚ್ಚು ಸಲ ಓದಿದಿ. ನಿನ್ನ ಉಸಿರು ಒಮ್ಮಿ ಆದ್ರೂ ತಾಗಬೇಕಾಗಿತ್ತಲ್ಲ?"

ಲಾಡ್ಲೆಸಾಬನಿಗೆ ತನ್ನ ಏದುಸಿರಿನ ಬೆಲೆ ಆಗ ತಿಳಿಯಿತು. ಎದೆ ಉಬ್ಬಿಸಿ ನಿಂತ.

"ಮುಖಕ್ಕ ಬಟ್ಟಿ ಕಟ್ಕೊಂಡು, ಉಸಿರು ಬಿಗಿ ಹಿಡದು ಓದೀನ್ರಿ," ಎಂದ ದೌಲತರಾಯ ತಡಮಾಡದೆ. "ಅವತ್ತಿನ ಚಾರ್ಟು ಹೊಲಸಾಗಬಾರದು ಅಂತ. ಸರೇ ಹೇಳಿದ್ರು."

"ಹೇಳಿದ್ದು ಖರೇ," ಎಂದರು ಪ್ರೊಫೆಸರ್ ಸಣ್ಣ ದನಿಯಲ್ಲಿ. ಲಾಡ್ಲೆಸಾಬನ ಎದೆ ಇಳಿಯಿತು.

"ಇರ್ಲಿ. ಇನ್ನೊಂದು ಕೇಳ್ತೇನಿ. ಒದ್ದಿ ಬುಡ್ಡಿ ಕೆಳಗಿನ ಬಟ್ಟಲದಾಗ ನೀರಿತ್ತೇನು?"

"ತುಂಬಿತ್ತು. ಅರ್ಧ ತಾಸಿಗೊಮ್ಮೆ ನಾನೇ ನೋಡೀನಿ. ನೀರಿಲ್ಲಂದ್ರ ಬಟ್ಟಿ ಒಣಗಿ ಎರಡೂ ಬುಡ್ಡಿ ಒಂದೇ ತೋರಿಸ್ತಾವ ಅಂತ ನನಗ ಗೊತ್ತಿಲ್ಲೇನ್ರಿ?"

ಸುಭದ್ರಾಬಾಯಿ ಅಮೋಘಸಿದ್ದನ ಕಡೆ ತಿರುಗಿದರು. "ತಮ್ಮಾ, ಗ್ರಹಣದ ದಿನ ಮನ್ಯಾಗಿನ ನೀರೆಲ್ಲ ಚೆಲ್ಲಿದಿ. ನಿಮ್ಮವ್ವ ಹೇಳ್ಯಾಳ. ಇಲ್ಲಿ ಕುಡಿಯೋ ಕೊಡಾನೂ ಖಾಲಿ ಮಾಡಿದಿ, ಸಾಹೇಬ್ರು ನೀರಡಿಸಿ ಬಂದು ನೋಡ್ಯಾರ. ಒಂದು ಹನಿನೂ ಗ್ರಹಣಕ್ಕ ಸಿಗಬಾರದು ಅನ್ನಾವ, ದಿನಾ ನಿನ್ನ ಕೈಲೇ ತುಂಬೋ ಬಟ್ಟಲದಾಗಿನ ನೀರು ಹಂಗೇ ಬಿಟ್ಟು ಮನಿಗಿ ಹೋದೇನು?"

ಅಮೋಘಸಿದ್ದ ಮೊದಲು ಪ್ರೊಫೆಸರರನ್ನು ನೋಡಿದ. ಆಮೇಲೆ ನೆಲ ನೋಡಿದ. ಜೈಲಿಗೆ ಹೋಗುವುದಕ್ಕಿಂತ ಆ ಮಾತು ಹೇಳುವುದೇ ಅವನಿಗೆ ಕಷ್ಟವಾಗಿತ್ತು.

"ಚೆಲ್ಲೀನ್ರಿ," ಎಂದ ಕೊನೆಗೆ. "ಒಂದೂವರಿಗೆ. ಇವ್ರು ಷೆಡ್ಡಿನ್ಯಾಗ ಊಟ ಮಾಡಾಕತ್ತಿದ್ರು. ಎಲ್ಲಾ ಬಟ್ಟಲ ಒರಸಿ ಬೋರಲ ಇಟ್ಟೆ. ಗ್ರಹಣ ಬಿಟ್ಟ ಮ್ಯಾಲ ಜಳಕಾ ಮಾಡಿ ಬಂದು ಹೊಸ ನೀರು ಹಾಕಿದೆ. ಮುಟ್ಟಬ್ಯಾಡ ಅಂದಿದ್ರು ಸಾಹೇಬ್ರು. ಹೇಳಿದ್ರ ಕೆಲಸ ಹೋಗ್ತದ ಅಂತ ಸುಮ್ಮನಿದ್ದೆ."

"ಸುಳ್ಳು!" ದೌಲತರಾಯನ ದನಿ ಒಮ್ಮೆಲೇ ಏರಿತು. "ತಪ್ಪಿಸಿಕೊಳ್ಳಾಕ ಈಗ ಕಟ್ಟಾಕತ್ಯಾನ."

"ಸುಳ್ಳಲ್ಲ ಬಿಡೋ," ಎಂದ ಜಗದೇವಪ್ಪ. "ಆ ಹೊತ್ತಿನ್ಯಾಗ ನಾ ಹೊಲದಾಗ ಇದ್ದೆ. ಇಂವ ಟಾವರ್ ಮ್ಯಾಲ ನಿಂತು ಬಟ್ಟಲ ಬೋರಲ ಹಾಕಾಕತ್ತಿದ್ದ. ಏನಲೇ, ಸೂರ್ಯಾಗ ಗ್ರಹಣ ಹಿಡದ್ರ ಬಟ್ಟಲಕ್ಕೇನು ರೋಗ ಅಂತ ನಕ್ಕು ಕೂಗಿದೆ. ನನಗೂ ಇವಗೂ ಮಾತಿಲ್ಲ, ಇವನ ಪರವಾಗಿ ಹೇಳೋ ದರ್ದೂ ನನಗಿಲ್ಲ. ಕಂಡಿದ್ದು ಹೇಳೀನಿ. ನಿನ್ನಿ ಅಕ್ಕೋರು ಕೇಳೋ ತನಕ ಯಾರೂ ಕೇಳಿರಲಿಲ್ಲ."

ಸುಭದ್ರಾಬಾಯಿ ವಹಿಯನ್ನು ತೆರೆದು ಫೌಜದಾರರ ಮುಂದಿಟ್ಟರು. ಬಟ್ಟಲು ಖಾಲಿ, ಬಟ್ಟೆ ಒಣಗಿದೆ. ಎರಡರಿಂದ ಐದರವರೆಗೆ ಎರಡೂ ಬುಡ್ಡಿ ಒಂದೇ ತೋರಿಸಬೇಕು. ವಹಿಯಲ್ಲಿ ಎಂಟು ಒಂಬತ್ತು ಡಿಗ್ರಿಯ ಅಂತರ ತಪ್ಪದೆ ಬಂದಿದೆ. ಮೇಲೆ ಹೋಗಿ ಒಮ್ಮೆ ಕಣ್ಣು ಹಾಯಿಸಿದ್ದರೂ ದೌಲತರಾಯನಿಗೆ ಖಾಲಿ ಬಟ್ಟಲು ಕಾಣುತ್ತಿತ್ತು. ಅವನು ಷೆಡ್ಡಿನಲ್ಲಿ ಯಂತ್ರ ಹಚ್ಚಿ, ಟಾವರಿನ ಹಲಗೆ ಕೊಯ್ಯಲೆಂದು ಇಟ್ಟ ಗರಗಸ ತೆಗೆದುಕೊಂಡು ನೇರ ಮರದ ಹತ್ತಿರ ಹೋದ. ಅಡವಿಯಲ್ಲಿ ಆ ಹೊತ್ತು ನರಪಿಳ್ಳೆ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೊಯ್ದು, ಪೆಟ್ಟಿಗೆಯಲ್ಲಿಟ್ಟು, ಷೆಡ್ಡಿನ ಹಿಂದಿದ್ದ ಅಮೋಘಸಿದ್ದನ ಕೊಡಲಿಯನ್ನು ಬುಡದ ಹತ್ತಿರ ಒಗೆದು, ಬಿಸಿಲಿನ ಗೆರೆ ಇಳಿದು ಏರಿದ್ದನ್ನು ನೋಡಿಕೊಂಡು ಅದಕ್ಕೆ ಹೊಂದುವಂತೆ ಕೂತಲ್ಲೇ ಅಂಕಿ ಬರೆದ.

"ಬುದ್ಧಿವಂತ ಅದಾನ," ಎಂದರು ಬಾಯಿಯವರು. "ಅಂಕಿ ಛಲೋ ಕಟ್ಯಾನ. ಓದಿದ್ರ ಯಾರಾದ್ರೂ ನಂಬ್ತಿದ್ರು."

ದೌಲತರಾಯ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ.

ಫೌಜದಾರ ಅಬ್ದುಲ್ ಗನಿ ಕಾಗದ, ಪೆನ್ನು ತೆಗೆದರು. "ಪ್ರೊಫೆಸರ್ ಸಾಹೇಬ್ರ, ಕೋರ್ಟಿನ್ಯಾಗ ನಾ ಥರ್ಮಾಮೀಟರ್ ಬಗ್ಗೆ ಹೇಳಿದ್ರ ನಗ್ತಾರ. ಈ ಅಂಕಿಗಳು ಖೊಟ್ಟಿ ಅಂತ ನೀವು ಬರದು ಸಹಿ ಮಾಡಬೇಕು. ಇಲ್ಲಂದ್ರ ಇವನೂ ಅವನೂ ಕೂಡೇ ಮಾಡ್ಯಾರ ಅಂತ ವಕೀಲ್ರು ಅಂತಾರ. ಅಮೋಘಸಿದ್ದನ್ನ ನಾ ಬಿಡಾಕ ಬರಾಂಗಿಲ್ಲ."

ಪ್ರೊಫೆಸರ್ ಗುರಣ್ಣ ಪೆನ್ನು ಹಿಡಿದುಕೊಂಡು ಸುಮ್ಮನೆ ನಿಂತರು. ಲಾಡ್ಲೆಸಾಬನಿಗೆ ಮೊದಲು ಅರ್ಥವಾಗಲಿಲ್ಲ, ಇಷ್ಟು ಬರೆಯಲು ಏನು ಅಡ್ಡಿ ಎಂದುಕೊಂಡ. ಆಮೇಲೆ ಹೊಳೆಯಿತು. ಒಣ ಬುಡ್ಡಿ, ಒದ್ದೆ ಬುಡ್ಡಿಯ ಅಂಕಿಗಳಿಲ್ಲದೆ ಕಾವಿನ ಪಾಲು ತಿಳಿಯದು. ಸುಳ್ಳೆಂದು ಸಹಿ ಮಾಡಿದರೆ ಮೂರು ವರ್ಷ ಕಾದ ಆ ಮೂರು ತಾಸು ಹೋದಂತೆಯೇ. ಮಾಡದಿದ್ದರೆ ಪುಸ್ತಕದಲ್ಲಿ ಅವರ ಹೆಸರು ಬರುತ್ತದೆ, ಅಮೋಘಸಿದ್ದನ ಹೆಸರು ಜೈಲಿನ ದಫ್ತರದಲ್ಲಿ ಉಳಿಯುತ್ತದೆ.

"ಇಂಥಾ ಗ್ರಹಣ ಮತ್ತ ಯಾವಾಗ್ರಿ ಇಲ್ಲಿ?" ಎಂದು ಲಾಡ್ಲೆಸಾಬ ಮೆಲ್ಲಗೆ ಕೇಳಿದ.

"ನನ್ನ ಆಯುಷ್ಯದಾಗ ಇಲ್ಲ," ಎಂದರು ಪ್ರೊಫೆಸರ್.

ಹಣಮವ್ವ ಒಂದು ಹೆಜ್ಜೆ ಮುಂದೆ ಬಂದಳು. ಏನೋ ಹೇಳಲು ಬಾಯಿ ತೆರೆದಳು, ಸುಭದ್ರಾಬಾಯಿ ಕೈ ಸನ್ನೆ ಮಾಡಿ ತಡೆದರು. ಬೇಡಿಕೊಂಡು ಮಾಡಿಸುವ ಸಹಿ ಅದಾಗಿರಲಿಲ್ಲ. ಲಾಡ್ಲೆಸಾಬನಿಗೆ ಆ ಕ್ಷಣ ಪ್ರೊಫೆಸರರ ಮೇಲೆ ಕನಿಕರವೂ ಬಂತು, ಭಯವೂ ಆಯಿತು.

ಪ್ರೊಫೆಸರರು ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಬರೆದರು. ಎರಡು ಸಾಲು, ಕೆಳಗೆ ಸಹಿ. ಆಮೇಲೆ ವಹಿ ತೆಗೆದುಕೊಂಡು ಶನಿವಾರದ ಪುಟಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆದರು. ಫೌಜದಾರರು ಕಾಗದ ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡು, ಅಮೋಘಸಿದ್ದನ ಬೆನ್ನು ತಟ್ಟಿ, "ಹೋಗು, ನಡಿ," ಎಂದರು. ದೌಲತರಾಯನನ್ನು ಜೀಪು ಹತ್ತಿಸಿದರು.

ಹಣಮವ್ವ ಮಗನ ಕೈ ಹಿಡಿದಳು. ಅವನು ಬಿಡಿಸಿಕೊಂಡು ಪ್ರೊಫೆಸರರ ಮುಂದೆ ಹೋಗಿ ನಿಂತ.

"ಸಾಹೇಬ್ರ, ನನ್ನಿಂದ ನಿಮ್ಮ ಕೆಲಸ ಕೆಟ್ಟಿತು."

"ನೀ ಚೆಲ್ಲಿರಲಿಲ್ಲಂದ್ರ ಈ ಸುಳ್ಳು ನನ್ನ ಹೆಸರಿನ್ಯಾಗ ಛಾಪಾ ಆಗ್ತಿತ್ತು, ನಾನೂ ಅದನ್ನ ಖರೇ ಅಂತ ನಂಬಿ ಸಾಯ್ತಿದ್ದೆ," ಎಂದರು ಪ್ರೊಫೆಸರ್. ಅವರ ಕಣ್ಣು ಕೆಂಪಾಗಿತ್ತು. "ಮನಿಗಿ ಹೋಗು. ನಿನ್ನ ಹೆಂಡ್ತಿ ರೊಟ್ಟಿ ಮುಟ್ಟಿಲ್ಲಂತ."

ಅಮೋಘಸಿದ್ದ ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗಿದ. "ನಾಳಿಗಿ ಕೆಲಸಕ್ಕ ಬರ್ಲೇನ್ರಿ?"

"ಬೆಳಗಾಗೋಕಿಂತ ಮೊದಲೇ ಬಾ," ಎಂದರು ಪ್ರೊಫೆಸರ್. "ಟಾವರ್ ಹತ್ತಿ ಅಂಕಿ ಓದೋದು ಕಲಸ್ತೇನಿ. ನನಗ ಈಗ ಬ್ಯಾರೆ ಯಾರ ಕಣ್ಣಿನ ಮ್ಯಾಲೂ ಭರೋಸಾ ಇಲ್ಲ."